ಸುಳ್ಳು ದಾವೆ ಬಂದಾಗ ಏನು ಮಾಡಬೇಕು? ಎದುರು ವಕೀಲರನ್ನು ಹೊಣೆ ಮಾಡಬಹುದೇ?

ಪಹಣಿ ನಿಮ್ಮ ಹೆಸರಿನಲ್ಲಿದೆ. ನೋಂದಣಿಯಾದ ಕ್ರಯಪತ್ರ ಬೀರುವಿನಲ್ಲಿದೆ. ವರ್ಷ ವರ್ಷ ಕಂದಾಯ ಕಟ್ಟಿದ ರಸೀದಿಗಳೂ ಇವೆ. ಹಾಗಿದ್ದೂ ಒಂದು ದಿನ ಕೋರ್ಟಿನ ಅಮೀನರು ಬಂದು ಸಮನ್ಸ್ ಕೊಟ್ಟು ಹೋಗುತ್ತಾರೆ. ಆ ಜಮೀನು ತನ್ನದೆಂದು ಯಾರೋ ದಾವೆ ಹೂಡಿದ್ದಾರೆ. ವಾದಪತ್ರ ಓದಿದರೆ ತಲೆಬುಡವಿಲ್ಲ. ಕೆಳಗೆ ಮಾತ್ರ ಒಬ್ಬ ವಕೀಲರ ಸಹಿ ಇದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ: "ಇದನ್ನು ಬರೆದುಕೊಟ್ಟ ವಕೀಲರಿಗೆ ಏನೂ ಆಗುವುದಿಲ್ಲವಾ?"

ಆಗಬಹುದು, ಆದರೆ ಅದು ಕೊನೆಯ ಮಾತು. ನಮ್ಮ ಸಿವಿಲ್ ಕಾನೂನು ಖರ್ಚು, ಪರಿಹಾರ, ದಂಡ ಎಲ್ಲವನ್ನೂ ಮೊದಲು ದಾವೆ ಹೂಡಿದ ಕಕ್ಷಿದಾರನ ಮೇಲೆ ಹಾಕುತ್ತದೆ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ರೂಲ್ 11 ಎಂಬ ನಿಯಮವಿದೆ. ಆಧಾರವಿಲ್ಲದ ಅರ್ಜಿಗೆ ಸಹಿ ಹಾಕಿದ ವಕೀಲರೇ ಅದರಡಿ ದಂಡ ತೆರಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ವಕೀಲರ ತಪ್ಪಿನಿಂದ ವ್ಯರ್ಥವಾದ ಖರ್ಚನ್ನು ಅವರಿಂದಲೇ ವಸೂಲು ಮಾಡುವ ಆದೇಶವನ್ನು ಕೋರ್ಟು ಮಾಡಬಲ್ಲದು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಅಂದರೆ ಸಿಪಿಸಿಯಲ್ಲಿ, ಅಷ್ಟು ನೇರವಾದ ಕಲಂ ಇಲ್ಲ. ಹಾಗಾಗಿ ನಿಮ್ಮ ಬಲವೆಲ್ಲ ಕಡತದಲ್ಲಿ ಮೊದಲ ದಿನದಿಂದ ಏನು ಬರೆಸುತ್ತೀರಿ ಎಂಬುದರ ಮೇಲೆ ನಿಂತಿದೆ. ಮೊದಲ ಆಕ್ಷೇಪಣೆಯಲ್ಲಿ ಬಾರದ ಮಾತಿಗೆ ಕೊನೆಯಲ್ಲಿ ಬೆಲೆ ಸಿಗುವುದು ಕಷ್ಟ.

ದುರ್ಬಲ ದಾವೆ ಬೇರೆ, ಸುಳ್ಳು ದಾವೆ ಬೇರೆ

ಸೋಲುವ ದಾವೆಗಳೆಲ್ಲ ಸುಳ್ಳು ದಾವೆಗಳಲ್ಲ. ಅಜ್ಜನ ಆಸ್ತಿಯಲ್ಲಿ ಪಾಲು ಕೇಳಿ ಬಂದ ಅತ್ತೆಯ ಮಗಳ ವಾದ ದುರ್ಬಲವಾಗಿರಬಹುದು. ಆದರೂ ಕೇಳುವ ಹಕ್ಕು ಆಕೆಗಿದೆ. ಸುಳ್ಳು ದಾವೆ ಎನ್ನಬೇಕಾದರೆ ಸುಳ್ಳೆಂಬುದು ವಾದಿಗೆ ಗೊತ್ತಿತ್ತು ಎಂದು ತೋರಿಸಲು ಒಂದಾದರೂ ದಾಖಲೆ ನಿಮ್ಮ ಕೈಯಲ್ಲಿರಬೇಕು. ಆತನೇ ಸಹಿ ಹಾಕಿದ ವಿಭಾಗಪತ್ರ, ಆತನೇ ಪಕ್ಷಗಾರನಾಗಿ ಸೋತ ಹಳೆಯ ದಾವೆಯ ತೀರ್ಪು, ಆತನೇ ಹಣ ಪಡೆದು ಕೊಟ್ಟ ರಸೀದಿ, ಇಂಥವು. ಹಾಗೆ ತೋರಿಸಲು ಏನೂ ಇಲ್ಲದಿದ್ದರೆ ಸುಳ್ಳು, ಮೋಸ, ಷಡ್ಯಂತ್ರ ಎಂಬ ಪದಗಳನ್ನು ಆಕ್ಷೇಪಣೆಯಲ್ಲಿ ತುಂಬಿಸಬೇಡಿ. ನ್ಯಾಯಾಧೀಶರು ಆ ಪದಗಳನ್ನು ದಿನವೂ ಓದುತ್ತಾರೆ. ಆಧಾರವಿಲ್ಲದೆ ಬರೆದರೆ ನಿಮ್ಮ ಮಾತೇ ಹಗುರವಾಗುತ್ತದೆ.

ಸಮನ್ಸ್ ಬಂದ ವಾರ

ಸಮನ್ಸ್ ತೆಗೆದುಕೊಳ್ಳದೆ ವಾಪಸ್ ಕಳಿಸುವುದು ನಮ್ಮ ಕಡೆ ಬಹಳ ಹಳೆಯ ಅಭ್ಯಾಸ, ಬಹಳ ದುಬಾರಿ ಅಭ್ಯಾಸವೂ ಹೌದು. ನಿರಾಕರಿಸಿದ ಸಮನ್ಸನ್ನು ಕೋರ್ಟು ಜಾರಿಯಾದ ಸಮನ್ಸ್ ಎಂದೇ ಪರಿಗಣಿಸಬಹುದು. ಆಮೇಲೆ ಏಕಪಕ್ಷೀಯ ಡಿಕ್ರಿಯಾದರೆ, ಅಂದರೆ ನಿಮ್ಮ ಮಾತು ಕೇಳದೆಯೇ ತೀರ್ಪಾದರೆ, ಅದನ್ನು ಬಿಡಿಸಿಕೊಳ್ಳುವುದೇ ಬೇರೊಂದು ಹೋರಾಟ. ತೆಗೆದುಕೊಳ್ಳಿ, ತೆಗೆದುಕೊಂಡ ದಿನಾಂಕ ಬರೆದಿಡಿ.

ಸಮನ್ಸ್ ಜಾರಿಯಾದ ದಿನದಿಂದ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ವಾದಪತ್ರಕ್ಕೆ ನಿಮ್ಮ ಉತ್ತರ, ಸಲ್ಲಿಸಬೇಕು. ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಅದರಾಚೆಗೂ ಅಪರೂಪಕ್ಕೆ ಒಪ್ಪುವುದುಂಟು. ವಾಣಿಜ್ಯ ದಾವೆಗಳಲ್ಲಿ 120 ದಿನ ಕಳೆದರೆ ಬಾಗಿಲು ಮುಚ್ಚಿದಂತೆಯೇ. "ದಾವೆಯನ್ನೇ ತಿರಸ್ಕರಿಸಿ ಎಂದು ಅರ್ಜಿ ಹಾಕಿದ್ದೇವೆ, ಲಿಖಿತ ಹೇಳಿಕೆ ಆಮೇಲೆ ನೋಡೋಣ" ಎಂದು ಕೂರಬೇಡಿ. ದಿನಗಳ ಎಣಿಕೆ ನಿಮಗಾಗಿ ನಿಲ್ಲುವುದಿಲ್ಲ.

ಅದೇ ವಾರ ಇ-ಕೋರ್ಟ್ಸ್ ಜಾಲತಾಣದಲ್ಲೋ ಆ್ಯಪ್‌ನಲ್ಲೋ ವಾದಿಯ ಹೆಸರು ಹಾಕಿ ಹುಡುಕಿ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇದೇ ಸ್ವತ್ತಿನ ಬಗ್ಗೆ ಆತ ಮೊದಲು ಬೇರೆ ಕೋರ್ಟಿನಲ್ಲಿ ದಾವೆ ಹೂಡಿದ್ದನೇ, ಹಿಂದಕ್ಕೆ ಪಡೆದಿದ್ದನೇ, ಸೋತಿದ್ದನೇ ಎಂದು ನೋಡಿ. ಸಿಕ್ಕರೆ ಆ ವಾದಪತ್ರ, ತೀರ್ಪು, ಆದೇಶಗಳ ದೃಢೀಕೃತ ಪ್ರತಿಗೆ ಕೂಡಲೇ ಅರ್ಜಿ ಹಾಕಿ. ಹಳೆಯ ವಾದಪತ್ರದಲ್ಲಿ ಒಂದು ಕಥೆ, ಹೊಸದರಲ್ಲಿ ಇನ್ನೊಂದು ಕಥೆ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಬೇಕಿಲ್ಲ.

ದಾವೆ ಇನ್ನೂ ಬಂದಿಲ್ಲ, ಆದರೆ "ಸ್ಟೇ ತರ್ತೀವಿ" ಎಂಬ ಬೆದರಿಕೆ ಕೇಳಿಬರುತ್ತಿದೆಯೇ? ಹಾಗಾದರೆ ಸಿಪಿಸಿಯ ಕಲಂ 148ಎ ಅಡಿ ಕೇವಿಯಟ್, ಅಂದರೆ ಮುನ್ನೆಚ್ಚರಿಕೆಯ ಅರ್ಜಿ, ಹಾಕಿಸಿ. ಅದು 90 ದಿನ ಜೀವಂತವಾಗಿರುತ್ತದೆ. ಆ ಅವಧಿಯಲ್ಲಿ ನಿಮಗೆ ನೋಟಿಸ್ ಕೊಡದೆ ಮಧ್ಯಂತರ ಅರ್ಜಿಯನ್ನು ಕೇಳುವಂತಿಲ್ಲ. ಅವಧಿ ಮುಗಿದರೆ ಮತ್ತೆ ಹಾಕಬಹುದು.

ತಡೆಯಾಜ್ಞೆ ಆಗಲೇ ಬಂದಿದ್ದರೆ

ಸುಳ್ಳು ದಾವೆ ಹೂಡುವವರಿಗೆ ಬಹುತೇಕ ಬೇಕಾಗಿರುವುದು ಕೊನೆಯ ತೀರ್ಪಲ್ಲ, ನಡುವಿನ ತಡೆಯಾಜ್ಞೆ. ಮನೆ ಕಟ್ಟುವುದು ನಿಂತರೆ, ಮಾರಾಟ ನಿಂತರೆ ನೀವೇ ರಾಜಿಗೆ ಬರುತ್ತೀರಿ ಎಂಬುದು ಲೆಕ್ಕಾಚಾರ. ಆದ್ದರಿಂದ ಏಕಪಕ್ಷೀಯ ತಡೆಯಾಜ್ಞೆ ಇದ್ದರೆ ಉಳಿದೆಲ್ಲಕ್ಕಿಂತ ಮೊದಲು ಅದನ್ನು ತೆರವು ಮಾಡಿಸಿ. ಅರ್ಜಿ ಹಾಕಬೇಕಾದದ್ದು ಸಿಪಿಸಿಯ ಆರ್ಡರ್ 39 ರೂಲ್ 4 ಅಡಿ. ಗೊತ್ತಿದ್ದೂ ಸುಳ್ಳು ಅಥವಾ ದಾರಿತಪ್ಪಿಸುವ ಹೇಳಿಕೆ ಕೊಟ್ಟು, ನಿಮಗೆ ನೋಟಿಸ್ ಇಲ್ಲದೆ ಪಡೆದ ತಡೆಯಾಜ್ಞೆಯನ್ನು ಕೋರ್ಟು ಸಾಮಾನ್ಯವಾಗಿ ತೆರವು ಮಾಡಲೇಬೇಕು ಎನ್ನುತ್ತದೆ ಆ ನಿಯಮ. ಹಾಗೆ ಮಾಡದಿದ್ದರೆ ಕಾರಣ ಬರೆಯಬೇಕು. ಏಕಪಕ್ಷೀಯ ತಡೆಯಾಜ್ಞೆ ಕೊಟ್ಟ ಕೋರ್ಟು, ತಡೆಯಾಜ್ಞೆ ಕೋರಿದ ಅರ್ಜಿಯನ್ನು ಅದನ್ನು ಕೊಟ್ಟ ದಿನದಿಂದ 30 ದಿನದೊಳಗೆ ಇತ್ಯರ್ಥ ಮಾಡಲು ಯತ್ನಿಸಬೇಕೆಂದು ರೂಲ್ 3ಎ ಹೇಳುತ್ತದೆ. ವಾಯಿದೆ ಮೇಲೆ ವಾಯಿದೆ ಬೀಳುತ್ತಿದ್ದರೆ ಆ ನಿಯಮವನ್ನು ಮೆಮೊದಲ್ಲಿ ಬರೆದು ಕೊಡಿಸಿ.

ಸಾಕಷ್ಟು ಕಾರಣವಿಲ್ಲದೆ ತಡೆಯಾಜ್ಞೆ ಪಡೆದದ್ದು ಎಂದು ಕಂಡುಬಂದರೆ ಕಲಂ 95 ಅಡಿ 50,000 ರೂಪಾಯಿವರೆಗೆ ಪರಿಹಾರ ಕೇಳಬಹುದು. ಈ ಕಲಂ ಇದೆ ಎಂಬುದೇ ಅನೇಕ ಕಕ್ಷಿದಾರರಿಗೆ ಗೊತ್ತಿಲ್ಲ. ಇದಕ್ಕೆ ಬೇರೆ ಅರ್ಜಿಯನ್ನೇ ಹಾಕಬೇಕು, ಕೇಳದೆ ಯಾರೂ ಕೊಡುವುದಿಲ್ಲ.

ದಾವೆಯನ್ನು ಬಾಗಿಲಲ್ಲೇ ತಡೆಯುವ ಅರ್ಜಿ: ಆರ್ಡರ್ 7 ರೂಲ್ 11

ವಿಚಾರಣೆಗೂ ಮೊದಲೇ ವಾದಪತ್ರವನ್ನು ತಿರಸ್ಕರಿಸಿ ಎಂದು ಕೇಳುವ ಅರ್ಜಿ ಇದು. 1977ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬೆಂಗಳೂರಿನ ಒಂದು ಅಂಗಡಿಯ ಪ್ರಕರಣ ಬಂತು. ಬಾಡಿಗೆದಾರ ಅಂಗಡಿ ತೆರವು ಮಾಡಬೇಕೆಂಬ ಆದೇಶವಾಗಿತ್ತು. ಆತ ಮೇಲ್ಮನವಿಯಲ್ಲಿ ಸೋತ, ಹೈಕೋರ್ಟಿನಲ್ಲೂ ಸೋತ. ಹೈಕೋರ್ಟು ಕರುಣೆಯಿಂದ ಆರು ತಿಂಗಳಿಗೂ ಹೆಚ್ಚು ಕಾಲ ಕೊಟ್ಟಿತು. ಆ ಕಾಲವನ್ನು ಉಂಡು ಮುಗಿಸಿದ ಮೇಲೆ ಆತನ ಮಗ ಮುನ್ಸಿಫ್ ಕೋರ್ಟಿಗೆ ಹೋಗಿ, ತೆರವಿನ ಆದೇಶ ಮೋಸದಿಂದ ಪಡೆದದ್ದೆಂದು ಹೊಸ ದಾವೆ ಹೂಡಿದ. ಅದನ್ನು ಹಿಂದಕ್ಕೆ ಪಡೆಯುತ್ತೇವೆಂಬ ಮಾತಿನ ಮೇಲೆ ಇನ್ನೂ ಐದು ತಿಂಗಳು ಸಿಕ್ಕಿತು. ಅದೂ ಮುಗಿಯಿತು. ಆಗ ಅದೇ ವಾದಪತ್ರದ ನಕಲಿನಂಥ ಇನ್ನೊಂದು ದಾವೆ ಇನ್ನೊಬ್ಬ ಮುನ್ಸಿಫರ ಮುಂದೆ ಬಂತು!

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ಪ್ರಕರಣದಲ್ಲಿ ಬರೆದ ತೀರ್ಪು, (1977) 4 ಎಸ್‌ಸಿಸಿ 467, ಇಂದಿಗೂ ಇಂಥ ಅರ್ಜಿಗಳ ಬೆನ್ನೆಲುಬು. ಅದರ ಸಾರ ಹೀಗಿದೆ. ನ್ಯಾಯಾಧೀಶರು ವಾದಪತ್ರವನ್ನು ಅರ್ಥಪೂರ್ಣವಾಗಿ ಓದಬೇಕು, ಯಾಂತ್ರಿಕವಾಗಿ ಓದಬಾರದು. ದಾವೆಗೆ ನಿಜವಾದ ಕಾರಣವೇ ಇಲ್ಲದಿದ್ದರೆ ತಿರಸ್ಕರಿಸಬೇಕು. ಜಾಣತನದ ಬರವಣಿಗೆಯಿಂದ ಕಾರಣವಿದ್ದಂತೆ ಭ್ರಮೆ ಹುಟ್ಟಿಸಿದ್ದರೆ, ಮೊದಲ ವಿಚಾರಣೆಯಲ್ಲೇ ಆರ್ಡರ್ 10 ಅಡಿ ವಾದಿಯನ್ನು ಕರೆದು ಕೆದಕಿ ಕೇಳಿ ಅದನ್ನು ಚಿಗುರಿನಲ್ಲೇ ಚಿವುಟಬೇಕು. ಅಷ್ಟಕ್ಕೇ ನಿಲ್ಲದೆ ತೀರ್ಪು ವಕೀಲರ ಕಡೆಗೂ ತಿರುಗಿತು. ಪೂರ್ತಿ ಮೋಸದ ದಾವೆಗಳನ್ನು ವಕೀಲರೇ ಸೋಸಿ ತೆಗೆಯಬೇಕು, ಕಕ್ಷಿದಾರನ ಅನುಮಾನಾಸ್ಪದ ಸೂಚನೆಗಳಿಗೆ ಮರುಳಾಗಬಾರದು, ಈ ಕರ್ತವ್ಯಕ್ಕೆ ಬಾರ್ ಕೌನ್ಸಿಲ್ ಚಾಲನೆ ಕೊಡಬೇಕು ಎಂದು ಹೇಳಿತು. ಸುಮಾರು ಅರ್ಧ ಶತಮಾನ ಕಳೆದರೂ ಆ ಕೊನೆಯ ಆಸೆ ಪೂರ್ತಿ ಈಡೇರಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಜಿ ಬರೆಸುವಾಗ ಒಂದು ಮಿತಿಯನ್ನು ಮನಸ್ಸಿನಲ್ಲಿಡಿ. ಇಲ್ಲಿ ಕೋರ್ಟು ನೋಡುವುದು ವಾದಪತ್ರವನ್ನು ಮತ್ತು ಅದರ ಜೊತೆಗಿರುವ ದಾಖಲೆಗಳನ್ನು ಮಾತ್ರ. ನಿಮ್ಮ ಕ್ರಯಪತ್ರ ಎಷ್ಟೇ ಗಟ್ಟಿಯಾಗಿದ್ದರೂ ಈ ಹಂತದಲ್ಲಿ ಅದನ್ನು ಪಕ್ಕಕ್ಕಿಡುತ್ತಾರೆ. ಆದ್ದರಿಂದ ವಾದಿಯ ಮಾತಿನಲ್ಲೇ ಇರುವ ಬಿರುಕು ಹುಡುಕಬೇಕು. ಉದಾಹರಣೆಗೆ, 2009ರಲ್ಲಿ ಕರಾರಾಯಿತು, ಅದೇ ವರ್ಷ ಎದುರು ಪಕ್ಷ ಕ್ರಯ ಮಾಡಿಕೊಡಲು ನಿರಾಕರಿಸಿತು ಎಂದು ವಾದಪತ್ರವೇ ಹೇಳುತ್ತದೆ, ದಾವೆ ಹೂಡಿದ್ದು 2024ರಲ್ಲಿ. ಕರಾರಿನಂತೆ ಕ್ರಯ ಮಾಡಿಕೊಡಿ ಎಂಬ ದಾವೆಗೆ ಕಾಲಮಿತಿ ಮೂರು ವರ್ಷ. ಬೇರೆ ಸಾಕ್ಷ್ಯವೇ ಬೇಡ, ವಾದಪತ್ರದ ದಿನಾಂಕಗಳೇ ಸಾಕು. ದಾವೆಯ ಮೌಲ್ಯ ಕಡಿಮೆ ತೋರಿಸಿ ಕೋರ್ಟು ಶುಲ್ಕ ಉಳಿಸಿದ್ದರೆ ಅದೂ ಒಂದು ಕಾರಣ, ಆದರೆ ಕೋರ್ಟು ಮೊದಲು ಸರಿಪಡಿಸಿಕೊಳ್ಳಲು ಕಾಲ ಕೊಡುತ್ತದೆ.

ಹಳೆಯ ದಾವೆಯಲ್ಲಿ ತೀರ್ಮಾನವಾದ ವಿಷಯವನ್ನೇ ಮತ್ತೆ ತಂದಿದ್ದಾರೆ ಎಂಬ ವಾದಕ್ಕೆ ಈ ಅರ್ಜಿ ಸಾಮಾನ್ಯವಾಗಿ ಸರಿಯಾದ ಜಾಗವಲ್ಲ. ಹಳೆಯ ಕಡತವನ್ನು ತೆರೆದು ನೋಡಬೇಕಾದ ವಾದ ಆರ್ಡರ್ 7 ರೂಲ್ 11ರ ವ್ಯಾಪ್ತಿಗೆ ಬರುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಬೆಳಗಾವಿಯಿಂದ ಹೋದ ಪ್ರಕರಣ. ಅಂಥ ಸಂದರ್ಭದಲ್ಲಿ ಅದನ್ನು ಲಿಖಿತ ಹೇಳಿಕೆಯಲ್ಲಿ ಎತ್ತಿ, ವಿವಾದಾಂಶವಾಗಿ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಯಾಗಿ) ರೂಪಿಸಿ ಬೇಗ ತೀರ್ಮಾನಿಸಿ ಎಂದು ಕೇಳಬೇಕು. ಇನ್ನೂ ಒಂದು ವಿಷಯವಿದೆ: ಈ ಅರ್ಜಿಯಡಿ ವಾದಪತ್ರದ ಒಂದು ಭಾಗವನ್ನು ಮಾತ್ರ ತಿರಸ್ಕರಿಸಲು ಬರುವುದಿಲ್ಲ. ಹೋದರೆ ಪೂರ್ತಿ ಹೋಗಬೇಕು.

ತೀರ್ಪುಗಳನ್ನು ಉಲ್ಲೇಖಿಸುವಾಗ ನಿಮ್ಮ ವಕೀಲರು ಅವುಗಳನ್ನು ತೆಗೆದು ಓದಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಇದು ಈಗ ಸಣ್ಣ ಮಾತಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು, ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಇರುವುದನ್ನು ಗಂಭೀರವಾಗಿ ತೆಗೆದುಕೊಂಡಿತು. ಎದುರು ಪಕ್ಷ ತೋರಿಸುವ ತೀರ್ಪುಗಳನ್ನೂ ಹೀಗೇ ಪರಿಶೀಲಿಸಿ. ಇಲ್ಲದ ತೀರ್ಪು ಸಿಕ್ಕರೆ ಅದನ್ನು ಕೋರ್ಟಿನ ಗಮನಕ್ಕೆ ಬರಹದಲ್ಲೇ ತನ್ನಿ.

ಲಿಖಿತ ಹೇಳಿಕೆಯಲ್ಲಿ ಇರಲೇಬೇಕಾದ ಒಂದು ಪ್ಯಾರಾ

ಸುಳ್ಳು ಹಾಗೂ ಕಿರುಕುಳದ ದಾವೆಗೆ ಪರಿಹಾರ ಕೊಡಿಸುವ ಕಲಂ 35ಎ. ಇದು ಕೆಲಸ ಮಾಡಬೇಕಾದರೆ ದಾವೆ ಸುಳ್ಳು, ಸುಳ್ಳೆಂಬುದು ವಾದಿಗೆ ತಿಳಿದಿತ್ತು ಎಂದು ನೀವು ಮೊದಲೇ ಆಕ್ಷೇಪಿಸಿರಬೇಕು. ಗೆದ್ದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಪ್ಯಾರಾ ಸರಿಸುಮಾರು ಹೀಗಿರಲಿ:

"ವಾದಿಯ ಹಕ್ಕುಕೇಳಿಕೆ ಸುಳ್ಳು ಮತ್ತು ಕಿರುಕುಳದ ಉದ್ದೇಶದ್ದು. ದಾವೆ ಹೂಡುವ ದಿನದಂದೇ ಇದು ಸುಳ್ಳೆಂದು ವಾದಿಗೆ ತಿಳಿದಿತ್ತು. ವಾದಿಯೂ ಪಕ್ಷಗಾರರಾಗಿ ಸಹಿ ಹಾಕಿರುವ ನೋಂದಾಯಿತ ವಿಭಾಗಪತ್ರದಲ್ಲಿ ದಾವಾ ಸ್ವತ್ತು ಪ್ರತಿವಾದಿಯ ಪಾಲಿಗೆ ಬಂದಿದೆ. ಆ ಸಂಗತಿಯನ್ನು ವಾದಪತ್ರದಲ್ಲಿ ಬೇಕೆಂದೇ ಮರೆಮಾಚಲಾಗಿದೆ. ಆದ್ದರಿಂದ ಕಲಂ 35ಎ ಅಡಿ ಪರಿಹಾರ ವೆಚ್ಚವನ್ನೂ ಕಲಂ 35 ಅಡಿ ವಾಸ್ತವ ವೆಚ್ಚವನ್ನೂ ಪ್ರತಿವಾದಿ ಕೋರುತ್ತಾರೆ."

ದಾಖಲೆಯ ದಿನಾಂಕ, ನೋಂದಣಿ ಸಂಖ್ಯೆ ಸೇರಿಸಿ. ಎದುರು ಪಕ್ಷ ದಾವೆಯನ್ನು ನಡುವೆ ಕೈಬಿಟ್ಟರೂ, ಹಿಂದಕ್ಕೆ ಪಡೆದರೂ 35ಎ ಅನ್ವಯಿಸುತ್ತದೆ. "ವಾಪಸ್ ತಗೋತೀವಿ" ಎಂದು ಮೆಮೊ ಹಾಕಿದ ದಿನ ಸಂತೋಷದಲ್ಲಿ ಸುಮ್ಮನಾಗಬೇಡಿ, ವೆಚ್ಚದ ಆದೇಶ ಕೇಳಿ. ಮತ್ತೆ ದಾವೆ ಹೂಡಲು ಅನುಮತಿ ಕೋರಿದ್ದರೆ ಅದನ್ನು ವಿರೋಧಿಸಿ. ಅನುಮತಿ ಇಲ್ಲದೆ ಹಿಂದಕ್ಕೆ ಪಡೆದವರು ಅದೇ ವಿಷಯಕ್ಕೆ ಮತ್ತೆ ಬರುವಂತಿಲ್ಲ.

ಈಗ ಬೇಸರದ ಮಾತು. 35ಎ ಅಡಿ ಕೊಡಿಸಬಹುದಾದ ಗರಿಷ್ಠ ಮೊತ್ತ 3,000 ರೂಪಾಯಿ. 1976ರ ತಿದ್ದುಪಡಿಯಲ್ಲಿ ನಿಂತ ಸಂಖ್ಯೆ ಇದು. ಹತ್ತು ವರ್ಷ ಕೋರ್ಟಿಗೆ ಅಲೆದವರಿಗೆ ಇದು ಬಸ್ ಚಾರ್ಜಿಗೂ ಸಾಲದು. ಕಾನೂನು ಆಯೋಗ 2012ರಲ್ಲಿ ತನ್ನ 240ನೇ ವರದಿಯನ್ನು ಪೂರ್ತಿ ಸಿವಿಲ್ ವೆಚ್ಚಗಳ ವಿಷಯಕ್ಕೇ ಮೀಸಲಿಟ್ಟಿತ್ತು. ಆದರೂ ಸಾಮಾನ್ಯ ದಾವೆಗಳ ಮಟ್ಟಿಗೆ ಮಿತಿ ಹಾಗೇ ಇದೆ. 2015ರ ವಾಣಿಜ್ಯ ನ್ಯಾಯಾಲಯ ಕಾಯ್ದೆ ಮಾತ್ರ ವಾಣಿಜ್ಯ ದಾವೆಗಳಿಗೆ ಈ ಮಿತಿಯನ್ನು ತೆಗೆದುಹಾಕಿತು. ಹೈಕೋರ್ಟಿನ ರಿಟ್ ಅಧಿಕಾರಕ್ಕೂ ಇದು ತಾಗುವುದಿಲ್ಲ. 2023ರ ಜೂನ್ 30ರಂದು ಟ್ವಿಟರ್ ಸಂಸ್ಥೆಯ ರಿಟ್ ಅರ್ಜಿಯನ್ನು ವಜಾ ಮಾಡಿದ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 50 ಲಕ್ಷ ರೂಪಾಯಿ ವೆಚ್ಚ ವಿಧಿಸಿತ್ತು. ಸಂಸ್ಥೆ ಅದರ ವಿರುದ್ಧ ಮೇಲ್ಮನವಿಗೆ ಹೋಯಿತು. ಒಂದೇ ರಾಜ್ಯದಲ್ಲಿ, ಒಂದು ಕೋರ್ಟು 50 ಲಕ್ಷ ವಿಧಿಸಬಲ್ಲದು, ಇನ್ನೊಂದು ಕೋರ್ಟಿನ ಕೈಯನ್ನು 3,000ಕ್ಕೆ ಕಟ್ಟಿಹಾಕಲಾಗಿದೆ. ಶಾಸನಸಭೆ ಸರಿಪಡಿಸಬೇಕಾದ ಅನ್ಯಾಯ ಇದು.

ನಿಜವಾದ ಖರ್ಚು ಬರುವುದು ಕಲಂ 35ರಿಂದ

ಹಾಗಾಗಿ ಹೆಚ್ಚಿನ ನಂಬಿಕೆ ಕಲಂ 35ರ ಮೇಲಿರಲಿ. ಸೋತವರು ಗೆದ್ದವರ ಖರ್ಚು ಕೊಡುವುದು ನಿಯಮ, ಕೊಡಿಸದಿದ್ದರೆ ಕೋರ್ಟು ಕಾರಣ ಬರೆಯಬೇಕು. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವೆಚ್ಚವೆಂದರೆ ವಾಸ್ತವವಾಗಿ ತಗುಲಿದ ನ್ಯಾಯಯುತ ಖರ್ಚು, ಗೆದ್ದವರು ಕಳೆದ ಸಮಯ, ಪ್ರಯಾಣ, ವಸತಿ ಕೂಡ ಅದರಲ್ಲಿ ಸೇರುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ. ಆದರೂ "ಉಭಯ ಪಕ್ಷಗಳು ತಮ್ಮ ತಮ್ಮ ಖರ್ಚು ಭರಿಸತಕ್ಕದ್ದು" ಎಂಬ ಸಾಲು ತೀರ್ಪುಗಳ ಕೊನೆಯಲ್ಲಿ ಬರುತ್ತಲೇ ಇದೆ. ಅದಕ್ಕೆ ಒಂದು ಕಾರಣ, ಲೆಕ್ಕ ಕೊಡುವವರೇ ಇಲ್ಲದಿರುವುದು.

ಮೊದಲ ವಾಯಿದೆಯಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಆ ದಿನ ಕೋರ್ಟಿನಲ್ಲಿ ಏನಾಯಿತು, ಯಾರು ಮುಂದೂಡಲು ಕೇಳಿದರು, ಬಸ್ಸಿಗೆ ಎಷ್ಟು, ಕೂಲಿ ಅಥವಾ ಸಂಬಳ ಎಷ್ಟು ಹೋಯಿತು, ದೃಢೀಕೃತ ಪ್ರತಿಗೆ ಎಷ್ಟು, ಎಲ್ಲವೂ ಇರಲಿ. ವಕೀಲರ ಶುಲ್ಕಕ್ಕೆ ರಸೀದಿ ಪಡೆಯಿರಿ. ವಾದ ಮುಗಿಯುವ ಮೊದಲು ಇವನ್ನೆಲ್ಲ ವೆಚ್ಚದ ಮೆಮೊ ಆಗಿ ಸಲ್ಲಿಸಲು ಹೇಳಿ. ಎದುರು ಪಕ್ಷ ಸುಮ್ಮನೆ ಮುಂದೂಡಿಸುತ್ತಿದ್ದರೆ ಆಗಾಗಲೇ ಕಲಂ 35ಬಿ ಅಡಿ ವೆಚ್ಚ ಕೇಳಿ. ಆ ವೆಚ್ಚ ಕಟ್ಟದೆ ಅವರು ದಾವೆ ಮುಂದುವರಿಸುವಂತಿಲ್ಲ. ಮೊತ್ತ ಸಣ್ಣದಿದ್ದರೂ, ಯಾರು ಎಳೆದಾಡಿದರು ಎಂಬುದು ಆದೇಶ ಪತ್ರಿಕೆಯಲ್ಲಿ ದಾಖಲಾಗುತ್ತದೆ.

ಸುಳ್ಳು ಪ್ರಮಾಣಪತ್ರ, ನಕಲಿ ದಾಖಲೆ

ವಾದಪತ್ರದ ಜೊತೆ ವಾದಿ ಪ್ರಮಾಣಪತ್ರ (ಅಫಿಡವಿಟ್) ಕೊಟ್ಟಿರುತ್ತಾನೆ. ಅದರಲ್ಲಿ ಬೇಕೆಂದೇ ಸುಳ್ಳು ಹೇಳಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 379 ಅಡಿ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಅಂದರೆ ಸಿಆರ್‌ಪಿಸಿಯಲ್ಲಿ, ಇದು 340 ಆಗಿತ್ತು, 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ. ಮೋಸದ ಉದ್ದೇಶದಿಂದ ಕೋರ್ಟಿನಲ್ಲಿ ಸುಳ್ಳು ಹಕ್ಕು ಸಾಧಿಸುವುದೇ ಭಾರತೀಯ ನ್ಯಾಯ ಸಂಹಿತೆಯ ಕಲಂ 246 ಅಡಿ ಅಪರಾಧ, ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಈ ಅಪರಾಧಕ್ಕೆ ಕೋರ್ಟೇ ದೂರು ಕೊಡಬೇಕು, ನೀವು ನೇರವಾಗಿ ಠಾಣೆಗೆ ಹೋಗಿ ಪ್ರಯೋಜನವಿಲ್ಲ. ದಾಖಲೆಯನ್ನು ಕೋರ್ಟಿಗೆ ತರುವ ಮೊದಲೇ ಹೊರಗೆ ಫೋರ್ಜರಿ ಮಾಡಿದ್ದರೆ ಮಾತ್ರ ಪೊಲೀಸ್ ದೂರಿಗೆ ಅಡ್ಡಿಯಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿದೆ. ಈ ಅಸ್ತ್ರವನ್ನು ಪ್ರತಿ ಸಣ್ಣ ಸುಳ್ಳಿಗೂ ಬಳಸಬೇಡಿ. ನ್ಯಾಯದ ಹಿತಕ್ಕೆ ಬೇಕು ಎನಿಸಿದರಷ್ಟೇ ಕೋರ್ಟು ಮುಂದುವರಿಯುತ್ತದೆ.

ಎದುರು ವಕೀಲರ ವಿಷಯ

ವಕೀಲರು ಕಕ್ಷಿದಾರನ ಅಡ್ಡದಾರಿಯನ್ನು ತಡೆಯಲು ಶಕ್ತಿಮೀರಿ ಯತ್ನಿಸಬೇಕು, ತಿದ್ದಿಕೊಳ್ಳದ ಕಕ್ಷಿದಾರನ ಪರ ವಕಾಲತ್ತು ವಹಿಸಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ವಕೀಲರ ಕಾಯ್ದೆ 1961ರ ಕಲಂ 35 ಅಡಿ ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರು ತೆಗೆಯಲೂಬಹುದು. ಇದನ್ನು ಓದಿ ಅನೇಕರು ಎದುರು ವಕೀಲರ ಮೇಲೆ ದೂರು ಬರೆಯಲು ಕೂರುತ್ತಾರೆ. ಅವಸರ ಬೇಡ. ದೂರುದಾರರಿಗೂ ವಕೀಲರಿಗೂ ಕಕ್ಷಿದಾರ-ವಕೀಲ ಸಂಬಂಧವೇ ಇಲ್ಲದಿದ್ದರೆ ವೃತ್ತಿ ದುರ್ನಡತೆಯ ದೂರು ಸಾಮಾನ್ಯವಾಗಿ ನಿಲ್ಲುವುದಿಲ್ಲ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂಥ ದೂರನ್ನು ಮುಂದುವರಿಸಿದ್ದಕ್ಕೆ ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತೇ 50,000 ರೂಪಾಯಿ ತೆರಬೇಕಾಯಿತು. ಈ ಎಚ್ಚರಿಕೆ ನನಗೆ ಸರಿಯೆನಿಸುತ್ತದೆ. ಎದುರಾಳಿಯ ದೂರಿಗೆ ಹೆದರಿ ವಕೀಲರು ಜನಪ್ರಿಯವಲ್ಲದ ಪ್ರಕರಣಗಳನ್ನು ಮುಟ್ಟದಂತಾದರೆ ನಷ್ಟ ಬಡವರಿಗೇ.

ಹಾಗಾದರೆ ದಾರಿ ಯಾವುದು? ಕೋರ್ಟೇ. ನಕಲಿ ಆದೇಶ ತೋರಿಸಿದ್ದು, ಹಿಂದಿನ ದಾವೆಯಲ್ಲೂ ತಾವೇ ವಕಾಲತ್ತು ಹಾಕಿದ್ದು ಮರೆಮಾಚಿ ಅದೇ ದಾವೆಯನ್ನು ಇನ್ನೊಂದು ಕೋರ್ಟಿನಲ್ಲಿ ಹೂಡಿಸಿದ್ದು, ಇಂಥ ನಿರ್ದಿಷ್ಟ ನಡತೆಯಿದ್ದರೆ ಎರಡೂ ವಕಾಲತ್ತುಗಳ ದೃಢೀಕೃತ ಪ್ರತಿಗಳೊಂದಿಗೆ ಅದೇ ಕೋರ್ಟಿಗೆ ಅರ್ಜಿ ಕೊಡಿ. ತೀರ್ಪಿನಲ್ಲೋ ಆದೇಶದಲ್ಲೋ ಆ ನಡತೆ ದಾಖಲಾಗಲಿ ಎಂದು ಕೇಳಿ. ನ್ಯಾಯಾಧೀಶರು ಬರೆದ ಆ ಸಾಲುಗಳಿಗೆ ಪರಿಷತ್ತಿನ ಮುಂದೆ ಬರುವ ತೂಕ ನಿಮ್ಮ ಪತ್ರಕ್ಕೆ ಬರುವುದಿಲ್ಲ. ಬೇಕಾದರೆ ಕೋರ್ಟೇ ವಿಷಯವನ್ನು ಪರಿಷತ್ತಿಗೆ ಕಳಿಸಬಹುದು. ಮೋಸ ಕೋರ್ಟಿನ ಮೇಲೇ ನಡೆದಿದ್ದರೆ ನ್ಯಾಯಾಂಗ ನಿಂದನೆಯ ಅಧಿಕಾರ ಹೈಕೋರ್ಟಿಗಿದೆ.

ದಾವೆ ಹಾಕಿಸಿದ್ದು ನಿಮ್ಮದೇ ವಕೀಲರಾಗಿದ್ದರೆ

"ಖಂಡಿತ ಗೆಲ್ತೀವಿ" ಎಂಬ ಮಾತು ನಂಬಿ ವಾದಿಯಾದವರೂ ಇದ್ದಾರೆ. ದಾವೆ ನಿಲ್ಲುವಂಥದ್ದಲ್ಲ ಎಂದು ಈಗ ತಿಳಿದಿದ್ದರೆ ಮುಂದುವರಿಸಬೇಡಿ. ಖರ್ಚಿನ ಆದೇಶ ಬೀಳುವುದು ನಿಮ್ಮ ಮೇಲೆ. ಇನ್ನೊಬ್ಬ ವಕೀಲರಿಗೆ ಕಡತ ತೋರಿಸಿ ಎರಡನೇ ಅಭಿಪ್ರಾಯ ಪಡೆಯಿರಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮತ್ತು ಆದಾಯ ಮಿತಿಯೊಳಗಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಇದನ್ನು ಉಚಿತವಾಗಿ ಪಡೆಯಬಹುದು. ಸಹಾಯವಾಣಿ 15100.

ಶುಲ್ಕ ಬಾಕಿ ಇದೆಯೆಂದು ವಕೀಲರು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟು ಇದನ್ನು ತೀರ್ಮಾನಿಸಿದೆ. ಇಲ್ಲಿ ಕಕ್ಷಿದಾರ-ವಕೀಲ ಸಂಬಂಧ ಇರುವುದರಿಂದ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ನೀವು ಕೊಡುವ ದೂರಿಗೆ ನೆಲೆಯಿದೆ. ಗ್ರಾಹಕ ನ್ಯಾಯಾಲಯಕ್ಕೆ ಮಾತ್ರ ಹೋಗಬೇಡಿ, ವಕೀಲರ ಸೇವೆ ಆ ಕಾಯ್ದೆಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ. ದೂರಿನೊಂದಿಗೆ ಶುಲ್ಕ ಕೊಟ್ಟ ದಾಖಲೆ, ವಾಟ್ಸ್ಆ್ಯಪ್ ಸಂದೇಶಗಳು, ವಕಾಲತ್ತಿನ ಪ್ರತಿ ಇಡಿ. ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ ಒಂದು ವರ್ಷದೊಳಗೆ ತೀರ್ಮಾನಿಸಬೇಕು, ಇಲ್ಲದಿದ್ದರೆ ವಿಷಯ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ ಅದು ನಿಮಗೆ ತಲುಪಿದ 60 ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುತ್ತದೆ.